ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಏಕೆ?

ಪ್ರಶ್ನೆ: ಸಿರೋಸಿಸ್ ಆಗಿರುವ ಚಿಕ್ಕಪ್ಪ ಒಮ್ಮೆ ರಕ್ತ ವಾಂತಿ ಮಾಡಿಕೊಂಡಿದ್ದರು. ಈಗ ಪ್ರೊಪ್ರನೊಲಾಲ್ ಬರೆದುಕೊಟ್ಟಿದ್ದಾರೆ. ಅದು ಬಿಪಿ ಮಾತ್ರೆಯಂತೆ. ಅವರಿಗೆ ಬಿಪಿಯೇ ಇಲ್ಲವಲ್ಲ?
– ಓದುಗರು, ಅಡ್ಡಗದ್ದೆ

ಉತ್ತರ: ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಒತ್ತಡ ಬೇರೆ, ಇಲ್ಲಿ ಈ ಮಾತ್ರೆ ತಗ್ಗಿಸಬೇಕಾದ ಒತ್ತಡ ಬೇರೆ. ಕರುಳು, ಗುಲ್ಮಗಳ ರಕ್ತ ಪೋರ್ಟಲ್ ಸಿರೆಯ ಮೂಲಕ ಲಿವರಿಗೆ ಹೋಗಬೇಕು. ಸಿರೋಸಿಸ್‌ನಿಂದ ಲಿವರ್ ಗಟ್ಟಿಯಾದರೆ ಆ ರಕ್ತ, ಕಟ್ಟಿಕೊಂಡ ತೋಟದ ಕಪ್ಪಿನ (ಬಸಿಗಾಲುವೆಯ) ನೀರಿನಂತೆ ಪಕ್ಕಕ್ಕೆ ನುಗ್ಗಿ, ಅನ್ನನಾಳದ ತೆಳು ಸಿರೆಗಳನ್ನು ಉಬ್ಬಿಸುತ್ತದೆ. ಲಿವರಿನ ಆಚೀಚೆಯ ಒತ್ತಡದ ವ್ಯತ್ಯಾಸ 5 ಮಿ.ಮೀ. ಪಾದರಸದೊಳಗಿದ್ದರೆ ಸಹಜ, 12 ದಾಟಿದರೆ ಸಿರೆ ಒಡೆಯುವ ಭಯ.

ಪ್ರೊಪ್ರನೊಲಾಲ್ ಹೃದಯದ ಬಡಿತವನ್ನೂ ಕರುಳಿಗೆ ಹರಿಯುವ ರಕ್ತವನ್ನೂ ತಗ್ಗಿಸುತ್ತದೆ. ಜೇಮ್ಸ್ ಬ್ಲ್ಯಾಕ್ ಹೃದ್ರೋಗಕ್ಕೆಂದು ರೂಪಿಸಿದ ಈ ಔಷಧವನ್ನು ಸಿರೋಸಿಸ್‌ಗೆ ಒಗ್ಗಿಸಿದ್ದು 1980ರ ಸುಮಾರಿಗೆ ಫ್ರಾನ್ಸಿನ ಲೆಬ್ರೆಕ್ ತಂಡ. ಈಗ ಕಾರ್ವೆಡಿಲಾಲ್ ಕೂಡ ಇದೆ. ಆಸ್ತಮಾ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಬೇಡ.

ಮತ್ತೆ ರಕ್ತ ವಾಂತಿಯಾದರೆ ಈ ಮಾತ್ರೆ ಸಾಲದು. ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್, ಜೊತೆಗೆ ಆಂಟಿಬಯೋಟಿಕ್ ಕೊಟ್ಟು, 12 ಗಂಟೆಯೊಳಗೆ ಎಂಡೋಸ್ಕೋಪಿಯಲ್ಲಿ ಸಿರೆಗೆ ಬ್ಯಾಂಡ್ ಹಾಕಬೇಕು. ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯುವ ಮೊದಲೇ, ಹತ್ತಿರದ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಶುರುವಾದೀತೇ ಎಂದು ಕೇಳಿ.