ಆಸ್ಪಿರಿನ್: ಹೃದಯಕ್ಕೆ ಹಿತ, ಹೊಟ್ಟೆಗೇಕೆ ಅಹಿತ?

ಪ್ರಶ್ನೆ: ಹೃದಯಾಘಾತ ತಡೆಯಲು ಕೊಡುವ ಆಸ್ಪಿರಿನ್‌ನಿಂದ ಕೆಲವರ ಹೊಟ್ಟೆಯಲ್ಲಿ ರಕ್ತಸ್ರಾವವಾಗುವುದೇಕೆ? ಆರೋಗ್ಯವಂತರೂ ಅದನ್ನು ನುಂಗಬಹುದೇ?

ಆಸ್ಪಿರಿನ್ ರಕ್ತವನ್ನು ನೀರಾಗಿಸುವುದಿಲ್ಲ. ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಲು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ನೆರವಾಗುತ್ತದೆ. ಅದರ ತಯಾರಿಕೆಗೆ ಬೇಕಾದ ಕಿಣ್ವವನ್ನು ಈ ಮಾತ್ರೆ ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಹೊಸ ಕಿಣ್ವ ಮಾಡಿಕೊಳ್ಳಲಾರದೆ, ಬದುಕಿರುವ 7ರಿಂದ 10 ದಿನವೂ ಹಾಗೆಯೇ ಉಳಿಯುತ್ತದೆ. ದಿನಕ್ಕೆ 75 ಮಿ.ಗ್ರಾಂ.ನಂಥ ಸಣ್ಣ ಪ್ರಮಾಣ ಸಾಕಾಗುವುದು ಇದರಿಂದಲೇ. ಆದರೆ ಜಠರವನ್ನು ಆಮ್ಲದಿಂದ ಕಾಯುವ ಲೋಳೆಪದರಕ್ಕೂ ಅದೇ ಕಿಣ್ವ ಬೇಕು. ಒಂದೇ ತೂಬಿನ ನೀರು ಎರಡು ಗದ್ದೆಗೆ ಹರಿಯುತ್ತಿದ್ದರೆ, ತೂಬು ಮುಚ್ಚಿದಾಗ ಎರಡೂ ಒಣಗುತ್ತವಲ್ಲ, ಹಾಗೆ.

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಸರಿಯೇ, ಹೆದರಿ ತಾವಾಗಿಯೇ ಆಸ್ಪಿರಿನ್ ಶುರು ಮಾಡುವುದು ಸರಿಯಲ್ಲ. ಹೃದ್ರೋಗವಿಲ್ಲದವರಲ್ಲಿ, ಅದರಲ್ಲೂ 60 ದಾಟಿದವರಲ್ಲಿ, ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚಾಗಬಹುದು. ಡೆಂಗಿ ಶಂಕೆಯ ಜ್ವರಕ್ಕಂತೂ ಇದು ಕೂಡದು. ಇಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಜೊತೆಗೆ ಸೇರಿದರೆ ಹೊಟ್ಟೆಗೆ ಇನ್ನಷ್ಟು ಪೆಟ್ಟು. ಮಲ ಕಪ್ಪಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನು ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಈ ಮಾತ್ರೆ ನಿಲ್ಲಿಸಬಾರದು. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.