ಹೊಸ ನಾಣ್ಯಕ್ಕೆ ಕಲೆ ಬಂದದ್ದೆಲ್ಲಿಂದ?

ಕೂಡಿಟ್ಟ ಹಣ ಕೊಟ್ಟು ಸ್ಮಾರಕ ನಾಣ್ಯಗಳ ಪೆಟ್ಟಿಗೆಯೊಂದನ್ನು ತರಿಸಿದ್ದೀರಿ. ತೆರೆದು ನೋಡಿದರೆ ಕನ್ನಡಿಯಂಥ ಮೈಮೇಲೆ ಕಲೆ! ಯಾರೂ ಬಳಸದ ನಾಣ್ಯಕ್ಕೆ ಇದು ಹೇಗೆ ಬಂತು?

ಸಂಗ್ರಾಹಕರಿಗೆಂದೇ ತಯಾರಾಗುವ 'ಪ್ರೂಫ್' ನಾಣ್ಯವನ್ನು ನುಣುಪಾಗಿ ಉಜ್ಜಿದ ಅಚ್ಚುಗಳ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಒತ್ತುತ್ತಾರೆ. ಆ ಹೊಳಪಿನಲ್ಲಿ ಕೂದಲೆಳೆಯಷ್ಟು ಗೀರೂ ಎದ್ದು ಕಾಣುತ್ತದೆ.

ಕಲೆಗಳಿಗೆ ಕಾರಣ ಹಲವು. ನಮ್ಮ ದೇಶದ ಎಷ್ಟೋ 100 ರೂಪಾಯಿ ಸ್ಮಾರಕ ನಾಣ್ಯಗಳಲ್ಲಿ ಬೆಳ್ಳಿ ಶೇಕಡ 50, ತಾಮ್ರ 40; ಉಳಿದದ್ದು ನಿಕಲ್ ಮತ್ತು ಸತು. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ಸೇರಿದರೆ ಕಪ್ಪು ಬಣ್ಣದ ಸಿಲ್ವರ್ ಸಲ್ಫೈಡ್ ಉಂಟಾಗುತ್ತದೆ. ಬೆರಳಿನ ಬೆವರು ತಾಮ್ರವನ್ನು ಕೆಡಿಸುತ್ತದೆ. ಪಿ.ವಿ.ಸಿ. ಹಾಳೆಯ ಚೀಲವಾದರೆ ನಿಧಾನವಾಗಿ ಆಮ್ಲ ಹೊರಬಿಟ್ಟು, ನಾಣ್ಯದ ಮೇಲೆ ಹಸಿರು ಜಿಗುಟು ಮೂಡಿಸುತ್ತದೆ.

ಅಪ್ಪಟ ಬೆಳ್ಳಿಗೂ ಈ ಕಾಟ ತಪ್ಪಿದ್ದಲ್ಲ. ಕೆನಡಾದ ಶೇಕಡ 99.99 ಶುದ್ಧತೆಯ 'ಮೇಪಲ್ ಲೀಫ್' ನಾಣ್ಯಗಳ ಮೇಲೆ ಹಾಲಿನ ಹನಿಯಂಥ ಬಿಳಿ ಮಚ್ಚೆಗಳು ಏಳುತ್ತಿದ್ದವು. ಬಿಲ್ಲೆ ತೊಳೆದ ರಾಸಾಯನಿಕದ ಉಳಿಕೆ ಕುಲುಮೆಯ ಕಾವಿಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇದನ್ನು ತಗ್ಗಿಸಲು ಅಲ್ಲಿನ ಟಂಕಸಾಲೆ 2018ರಲ್ಲಿ ಹೊಸ ಮೇಲ್ಮೈ ಸಂಸ್ಕರಣೆಯನ್ನೇ ತಂದಿತು.

ನೀವೇನು ಮಾಡಬೇಕು? ಪೆಟ್ಟಿಗೆ ಕೈಸೇರಿದ ದಿನವೇ ಭೂತಗನ್ನಡಿ ಹಿಡಿದು ಪರೀಕ್ಷಿಸಿ. ದೋಷವಿದ್ದರೆ ರಸೀದಿಯೊಡನೆ ತಕ್ಷಣ ಬರೆದು ತಿಳಿಸಿ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ತೇವವಿಲ್ಲದ ಕಡೆ ಇಡಿ. ಹುಣಸೆಹಣ್ಣು, ವಿಭೂತಿ ಹಚ್ಚಿ ಮಾತ್ರ ಉಜ್ಜಬೇಡಿ. ದೇವರ ದೀಪಕ್ಕೆ ಒಪ್ಪುವ ಉಪಾಯ ನಾಣ್ಯಕ್ಕೆ ಒಪ್ಪದು. ಕಲೆಯೊಡನೆ ಮೂಲ ಮೇಲ್ಮೈಯೂ ಸವೆಯುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಅದಕ್ಕೇ.