ನೇರ ದಾರಿ ಹಿಡಿಯದ ವಾಹನ: ಸ್ಟೀರಿಂಗ್ ಅಲೆದಾಟದ ಪತ್ತೆ ಮತ್ತು ದುರಸ್ತಿ

ಬೆಂಗಳೂರು–ಹೊನ್ನಾವರ ಹೆದ್ದಾರಿ, ಅಂದರೆ ಸ್ಥಳೀಯರ ಬಾಯಲ್ಲಿ ಬಿ.ಎಚ್. ರಸ್ತೆ, ಭದ್ರಾವತಿ ಮತ್ತು ಶಿವಮೊಗ್ಗ ನಗರಗಳ ಮೂಲಕ ಹಾದು ಸಾಗರ, ಜೋಗದ ಕಡೆಗೆ ಸಾಗುತ್ತದೆ. ಈ ದಾರಿಯಲ್ಲಿ ಸಿಗಂದೂರು, ಕೊಲ್ಲೂರು, ಶೃಂಗೇರಿಗಳಿಗೆ ಯಾತ್ರಿಕರನ್ನು ಕರೆದೊಯ್ಯುವ ಟೆಂಪೊ ಟ್ರಾವೆಲರ್ ಮತ್ತು ಮಿನಿ ಬಸ್ಸುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವೂ ಇವೆ. ಇಂಥ ವಾಹನಗಳನ್ನೇ ಕೊಂಡು, ಆಸನಗಳನ್ನು ತೆಗೆದು, ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕುಗಳನ್ನು ಕೂಡಿಸಿ ಸಂಚಾರಿ ಮನೆಯಾಗಿ, ಅಂದರೆ ಕ್ಯಾರವಾನ್ ಆಗಿ, ಮಾರ್ಪಡಿಸುವವರೂ ಇದ್ದಾರೆ. ವಯಸ್ಸಾದ ಈ ವಾಹನಗಳ ಚಾಲಕರು ಗ್ಯಾರೇಜಿಗೆ ತರುವ ದೂರುಗಳಲ್ಲಿ ಒಂದು ತುಂಬ ಹಳೆಯದು ಮತ್ತು ತುಂಬ ಗಂಭೀರವಾದದ್ದು: ಗಾಡಿ ಲೈನ್ ಹಿಡಿಯುವುದಿಲ್ಲ. ನೇರ ರಸ್ತೆಯಲ್ಲಿಯೂ ವಾಹನ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುತ್ತಿರುತ್ತದೆ. ಚಾಲಕ ಪ್ರತಿ ಕ್ಷಣವೂ ಸ್ಟೀರಿಂಗನ್ನು ತಿದ್ದುತ್ತಲೇ ಇರಬೇಕಾಗುತ್ತದೆ. ಈ ದೋಷಕ್ಕೆ ಸ್ಟೀರಿಂಗ್ ಅಲೆದಾಟ ಎನ್ನಬಹುದು.

ಅಲೆದಾಟವನ್ನು ಅದನ್ನು ಹೋಲುವ ಬೇರೆರಡು ದೋಷಗಳಿಂದ ಪ್ರತ್ಯೇಕಿಸಿ ನೋಡುವುದು ಪತ್ತೆಯ ಮೊದಲ ಹೆಜ್ಜೆ. ವಾಹನ ಯಾವಾಗಲೂ ಒಂದೇ ಬದಿಗೆ ವಾಲುತ್ತಿದ್ದರೆ ಅದು ಎಳೆತ; ಅದಕ್ಕೆ ಒಂದು ಬದಿಯ ಟೈರಿನಲ್ಲಿ ಗಾಳಿ ಕಡಿಮೆಯಾಗಿರುವುದು, ಒಂದು ಬ್ರೇಕ್ ಬಿಡದೆ ಹಿಡಿದಿರುವುದು ಅಥವಾ ಎರಡು ಬದಿಯ ಕೋನಗಳಲ್ಲಿ ವ್ಯತ್ಯಾಸವಿರುವುದು ಸಾಮಾನ್ಯ ಕಾರಣ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ಚಕ್ರ ಕೈಯಲ್ಲಿ ನಡುಗುತ್ತಿದ್ದರೆ ಅದು ಕಂಪನ. ಅದರ ಮೂಲವನ್ನು ಮೊದಲು ಚಕ್ರದ ಸಮತೋಲನದಲ್ಲಿ, ಅಂದರೆ ವೀಲ್ ಬ್ಯಾಲೆನ್ಸಿಂಗ್‌ನಲ್ಲಿ, ಹುಡುಕಬೇಕು. ಅಲೆದಾಟಕ್ಕೆ ಹೀಗೆ ಒಂದು ದಿಕ್ಕೂ ಇಲ್ಲ, ಒಂದು ವೇಗವೂ ಇಲ್ಲ. ಅನೇಕ ಕೀಲುಗಳಲ್ಲಿ ಹಂಚಿಹೋದ ಸಣ್ಣ ಸಣ್ಣ ಸವೆತಗಳು ಒಟ್ಟುಗೂಡಿ ಅದು ಹುಟ್ಟಬಹುದಾದ್ದರಿಂದ, ಒಂದು ಬಿಡಿಭಾಗವನ್ನು ಊಹೆಯ ಮೇಲೆ ಬದಲಿಸಿದ ಮಾತ್ರಕ್ಕೆ ಅದು ಹೋಗುತ್ತದೆಂಬ ಭರವಸೆಯಿಲ್ಲ. ನೆಲಕ್ಕೆ ತಾಗುವ ಟೈರಿನಿಂದ ಆರಂಭಿಸಿ, ಮೇಲಕ್ಕೆ ಒಂದೊಂದೇ ಕೀಲನ್ನು ಪರೀಕ್ಷಿಸುತ್ತ, ಸ್ಟೀರಿಂಗ್ ಬಾಕ್ಸನ್ನು ಕಟ್ಟಕಡೆಗೆ ಮುಟ್ಟುವ ಕ್ರಮವೇ ಈ ದುರಸ್ತಿಯ ಜೀವಾಳ.

ಕಾನೂನಿನ ಮಿತಿ

ಸ್ಟೀರಿಂಗ್ ಚಕ್ರವನ್ನು ತಿರುಗಿಸಿದರೂ ರಸ್ತೆಯ ಮೇಲಿನ ಚಕ್ರಗಳು ಅಲುಗದೆ ವ್ಯರ್ಥವಾಗುವ ಚಲನೆಯನ್ನು ಗ್ಯಾರೇಜುಗಳಲ್ಲಿ ಪ್ಲೇ ಎನ್ನುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮವು ಈ ಪ್ಲೇ 30 ಡಿಗ್ರಿಯನ್ನು ಮೀರಬಾರದೆಂದೂ, ಸ್ಟೀರಿಂಗ್ ಜೋಡಣೆಯ ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚವಿರಬೇಕೆಂದೂ, ಬೋಲ್ಟು ಮತ್ತು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕೆಂದೂ ವಿಧಿಸುತ್ತದೆ. ಸುಮಾರು 40 ಸೆಂ.ಮೀ. ವ್ಯಾಸದ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು 10 ಸೆಂ.ಮೀ. ವ್ಯರ್ಥ ಚಲನೆ. ಇದು ದಾಟಬಾರದ ಗಡಿಯೇ ಹೊರತು ಒಳ್ಳೆಯ ಸ್ಥಿತಿಯ ಅಳತೆಯಲ್ಲ. ಆಯಾ ವಾಹನದ ಕೈಪಿಡಿ ಒಪ್ಪುವ ಪ್ಲೇ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಗಳು ಪ್ರತಿವರ್ಷವೂ ಅರ್ಹತಾ ಪತ್ರವನ್ನು, ಅಂದರೆ ಎಫ್‌ಸಿಯನ್ನು, ನವೀಕರಿಸಿಕೊಳ್ಳಬೇಕಾಗಿರುವುದರಿಂದ, ಆ ತಪಾಸಣೆಯ ಮುನ್ನಾದಿನದ ತರಾತುರಿಯ ಬದಲು ವರ್ಷಪೂರ್ತಿ ಈ ಕೀಲುಗಳ ಮೇಲೆ ಕಣ್ಣಿಡುವುದು ಮಾಲೀಕರಿಗೂ ಕ್ಷೇಮ, ಪ್ರಯಾಣಿಕರಿಗೂ ಕ್ಷೇಮ.

ಟೈರು ಮತ್ತು ಭಾರ

ಪರೀಕ್ಷೆ ಟೈರಿನಿಂದ ಆರಂಭವಾಗಬೇಕು; ಅದಕ್ಕೆ ಖರ್ಚೂ ಕಡಿಮೆ, ಮತ್ತು ಟೈರಿನ ದೋಷ ಉಳಿದಿರುವಾಗ ಮೇಲಿನ ಯಾವ ಕೀಲಿನ ಬಗೆಗೂ ಖಚಿತವಾಗಿ ಹೇಳಲಾಗುವುದಿಲ್ಲ. ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಅತಿಯಾಗಿ ಬಾಗುವುದರಿಂದ ಸ್ಟೀರಿಂಗಿನ ಆಜ್ಞೆ ರಸ್ತೆಗೆ ತಡವಾಗಿ ತಲುಪುತ್ತದೆ; ಆ ತಡವನ್ನು ಚಾಲಕ ಹೆಚ್ಚುವರಿ ತಿರುವಿನಿಂದ ತುಂಬಲು ಹೋದಾಗ ವಾಹನ ಇನ್ನೊಂದು ಬದಿಗೆ ಸರಿಯುತ್ತದೆ. ಒಂದೇ ಆಕ್ಸಲ್‌ನಲ್ಲಿ ರೇಡಿಯಲ್ ಟೈರನ್ನೂ ನೈಲಾನ್ ಟೈರನ್ನೂ ಬೆರೆಸುವುದು, ಒಂದು ಬದಿ ಮಾತ್ರ ಸವೆದ ಟೈರನ್ನು ಮುಂದಕ್ಕೆ ಹಾಕುವುದು, ರಿಸೋಲ್ ಮಾಡಿಸಿದ ಟೈರನ್ನು ಮುಂಚಕ್ರಕ್ಕೆ ಬಳಸುವುದು, ಇವೆಲ್ಲ ತಪ್ಪಿಸಬೇಕಾದ ಅಭ್ಯಾಸಗಳು. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ, ವಾಹನ ಹೊರುವ ನಿಜವಾದ ಭಾರಕ್ಕೆ ತಕ್ಕಂತೆ ಅಳೆಯಬೇಕು.

ಕ್ಯಾರವಾನ್ ಆಗಿ ಮಾರ್ಪಟ್ಟ ವಾಹನದಲ್ಲಿ ಭಾರದ ಹಂಚಿಕೆಯೇ ಅಲೆದಾಟಕ್ಕೆ ದೊಡ್ಡ ಕಾರಣವಾಗಬಲ್ಲದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 3 ಮೀಟರ್ ಇರುವ ವಾಹನವೊಂದರಲ್ಲಿ, ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದಕ್ಕೆ 150 ಲೀಟರ್ ನೀರಿನ ಟ್ಯಾಂಕನ್ನು ಕೂರಿಸಿದರೆ, ಸನ್ನೆಕೋಲಿನ ನಿಯಮದಂತೆ ಮುಂದಿನ ಆಕ್ಸಲ್ ಮೇಲಿನ ಭಾರ 50 ಕೆ.ಜಿ. ಇಳಿಯುತ್ತದೆ, ಹಿಂದಿನದರ ಮೇಲೆ 200 ಕೆ.ಜಿ. ಏರುತ್ತದೆ. ಭಾರ ಕಳೆದುಕೊಂಡ ಮುಂಚಕ್ರಗಳ ಹಿಡಿತ ಸಡಿಲಗೊಂಡು, ಎತ್ತರವಾದ ಬಾಡಿಗೆ ಅಡ್ಡಗಾಳಿ ಬಡಿದಾಗ ವಾಹನ ಸುಲಭವಾಗಿ ದಾರಿ ಬಿಡುತ್ತದೆ. ಆದ್ದರಿಂದ ವಾಹನವನ್ನು ಪ್ರಯಾಣದ ಸಾಮಾನಿನ ಸಮೇತ ವೇಬ್ರಿಡ್ಜ್‌ಗೆ ಒಯ್ದು, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ, ಎರಡನ್ನೂ ತಯಾರಕರ ಮಿತಿಯೊಂದಿಗೆ ಹೋಲಿಸಬೇಕು. ಅಗತ್ಯವಿದ್ದರೆ ಟ್ಯಾಂಕು, ಬ್ಯಾಟರಿಗಳನ್ನು ಎರಡು ಆಕ್ಸಲ್‌ಗಳ ನಡುವೆ ಸರಿಸಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂಥ ಮಾರ್ಪಾಟನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುವುದರಿಂದ, ಇಂಥ ಕೆಲಸಕ್ಕೆ ಮೊದಲೇ ಸಾರಿಗೆ ಕಚೇರಿಯನ್ನು ವಿಚಾರಿಸುವುದು ಅನಿವಾರ್ಯ.

ಚಲನೆ ಎಲ್ಲಿ ಸಾಯುತ್ತದೆ?

ಹಳೆಯ ಟ್ರಾವೆಲರ್ ಮತ್ತು ಮಿನಿ ಬಸ್ಸುಗಳಲ್ಲಿ ಸಾಮಾನ್ಯವಾಗಿ ಮುಂಭಾಗದಲ್ಲಿ ಪ್ಲೇಟುಗಳ ಸ್ಪ್ರಿಂಗ್ ಮೇಲೆ ಕೂತ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಆ ಚಲನೆ ಕಾಲಮ್ಮಿನ ಮೂಲಕ ಸ್ಟೀರಿಂಗ್ ಬಾಕ್ಸನ್ನು ಸೇರುತ್ತದೆ. ಬಾಕ್ಸಿನಿಂದ ಕೆಳಗಿಳಿದ ಡ್ರಾಪ್ ಆರ್ಮ್ ಒಂದು ಉದ್ದದ ಸರಳನ್ನು, ಅಂದರೆ ಡ್ರ್ಯಾಗ್ ಲಿಂಕನ್ನು, ತಳ್ಳುತ್ತದೆ. ಅದು ಒಂದು ಬದಿಯ ಚಕ್ರವನ್ನು ತಿರುಗಿಸಿದಾಗ, ಎರಡೂ ಚಕ್ರಗಳನ್ನು ಕೂಡಿಸಿರುವ ಟೈ ರಾಡ್ ಇನ್ನೊಂದು ಬದಿಯನ್ನೂ ಜೊತೆಗೆ ತಿರುಗಿಸುತ್ತದೆ. ಈ ಸರಪಳಿಯ ಪ್ರತಿ ಕೊಂಡಿಯೂ ಸವೆಯಬಲ್ಲದು.

ಸವೆದ ಕೊಂಡಿಯನ್ನು ಹುಡುಕಲು ಬೇಕಾದದ್ದು ಇಬ್ಬರು ವ್ಯಕ್ತಿಗಳು ಮತ್ತು ಒಂದು ಟಾರ್ಚು. ವಾಹನವನ್ನು ಜಾಕ್ ಮೇಲೆ ಎತ್ತದೆ, ನಾಲ್ಕೂ ಚಕ್ರಗಳು ನೆಲದ ಮೇಲಿರುವಂತೆಯೇ ಪಿಟ್ ಮೇಲೆ ನಿಲ್ಲಿಸಿ, ಗಾಲಿಗಳಿಗೆ ಅಡೆಕಲ್ಲು ಕೊಟ್ಟು, ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು. ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡುತ್ತ ಹೋಗಬೇಕು. ಒಂದು ಕೀಲಿನ ಈಚೆಯ ಭಾಗ ಅಲುಗುತ್ತಿದ್ದು ಆಚೆಯ ಭಾಗ ಅಲುಗದಿದ್ದರೆ ಚಲನೆ ಅಲ್ಲಿಯೇ ಸಾಯುತ್ತಿದೆ ಎಂದರ್ಥ. ಕಾಲಮ್ಮಿನ ಕ್ರಾಸ್, ಡ್ರಾಪ್ ಆರ್ಮಿನ ನಟ್ಟು, ಡ್ರ್ಯಾಗ್ ಲಿಂಕಿನ ಎರಡು ತುದಿಗಳು, ಟೈ ರಾಡ್ ಎಂಡ್‌ಗಳು, ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳು ಮತ್ತು ಅವುಗಳ ಸುತ್ತಲಿನ ಬಿರುಕುಗಳು, ಇಷ್ಟನ್ನೂ ಇದೇ ವಿಧಾನದಿಂದ ಅರ್ಧ ಗಂಟೆಯೊಳಗೆ ಪರೀಕ್ಷಿಸಬಹುದು. ಸವೆದ ಬಾಲ್ ಜಾಯಿಂಟನ್ನು ಬದಲಿಸಬೇಕೇ ಹೊರತು ಬೆಸುಗೆ ಹಾಕಿಯೋ ಕಾಯಿಸಿ ಬಡಿದೋ ಬಿಗಿಗೊಳಿಸಕೂಡದು. ಹೊಸದನ್ನು ಕೂರಿಸಿದ ಮೇಲೆ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಬೇಕು.

ಕಿಂಗ್ ಪಿನ್ ಮತ್ತು ಉಕ್ಕಿನ ಹದ

ಗಟ್ಟಿ ಆಕ್ಸಲ್‌ನ ತುದಿಯಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ನಿಲುವು ಪಿನ್ನನ್ನು ಕಿಂಗ್ ಪಿನ್ ಎನ್ನುತ್ತಾರೆ. ಅದು ಮೇಲೊಂದು ಕೆಳಗೊಂದು ಬುಷ್‌ನ ಒಳಗೆ ಕೂತಿರುತ್ತದೆ. ಮುಂದಿನ ಆಕ್ಸಲನ್ನು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿದ ಬಳಿಕ ಟೈರಿನ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಒಳಹೊರಗೆ ಅಲುಗಿಸಿದಾಗ ಸಡಿಲ ಕಂಡರೆ, ಇನ್ನೊಬ್ಬರು ಬ್ರೇಕ್ ಒತ್ತಬೇಕು. ಬ್ರೇಕ್ ಒತ್ತಿದೊಡನೆ ಸಡಿಲ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಆಗಲೂ ಉಳಿದರೆ ಕಿಂಗ್ ಪಿನ್ನಿನದು. ಈ ಸರಳ ಪರೀಕ್ಷೆಯನ್ನು ಮಾಡದೆ ಬೇರಿಂಗ್ ಬದಲಿಸಿ, ಅದರಿಂದಲೂ ಗುಣ ಕಾಣದೆ, ಮತ್ತೊಮ್ಮೆ ಹಣ ತೆರುವ ಮಾಲೀಕರ ಮೇಲೆ ಬೀಳುವ ಹೊರೆ ಸಂಪೂರ್ಣವಾಗಿ ತಪ್ಪಿಸಬಹುದಾದದ್ದು.

ಕಿಂಗ್ ಪಿನ್ನಿನ ಮೇಲ್ಮೈ ಸವೆಯದಷ್ಟು ಕಠಿಣವಾಗಿಯೂ ಒಳಭಾಗ ಹೊಡೆತಕ್ಕೆ ಮುರಿಯದಷ್ಟು ಗಟ್ಟಿಮುಟ್ಟಾಗಿಯೂ ಇರಬೇಕು; ಈ ಎರಡು ಗುಣಗಳನ್ನು ಒಂದೇ ತುಂಡಿನಲ್ಲಿ ಕೂಡಿಸುವುದು ಮಿಶ್ರಲೋಹದ ಉಕ್ಕು ಮತ್ತು ಅದನ್ನು ಕಾಯಿಸಿ ತಣಿಸುವ ಹದ. ಈ ವಿದ್ಯೆ ಭದ್ರಾವತಿಗೆ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲನ್ನು ನೆಚ್ಚಿ 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಅಲ್ಲಿನ ಕಾರ್ಖಾನೆ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತು, ವಾಹನೋದ್ಯಮ ಮತ್ತು ರೈಲ್ವೆಗೆ ಬೇಕಾಗುವ ವಿಶೇಷ ಉಕ್ಕುಗಳಿಗೆ ಹೆಸರಾಯಿತು. ಉಕ್ಕಿನ ಹದ ಬಲ್ಲವರ ಊರಿನ ನೆರೆಯಲ್ಲಿ, ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಅಗ್ಗದ ನಕಲಿ ಪಿನ್ನನ್ನು ವಾಹನಕ್ಕೆ ಕೂರಿಸುವುದು ಸಲ್ಲದು. ಮೃದುವಾದ ಪಿನ್ ಬೇಗನೆ ಸವೆಯುತ್ತದೆ. ಹದ ತಪ್ಪಿ ಪೆಡಸಾದ ಪಿನ್ ಘಾಟಿಯ ತಿರುವಿನಲ್ಲಿ ತುಂಡಾಗಬಹುದು.

ಹೊಸ ಬುಷ್‌ಗಳನ್ನು ಪ್ರೆಸ್‌ನಲ್ಲಿ ಕೂರಿಸಿದ ಮೇಲೆ ಅವುಗಳ ಒಳಮೈಯನ್ನು ರೀಮರ್ ಎಂಬ ಉಪಕರಣದಿಂದ ಅಳತೆಗೆ ತರಬೇಕು. ಬುಷ್‌ನ ಗ್ರೀಸ್ ರಂಧ್ರ ನಿಪ್ಪಲ್‌ನ ನೇರಕ್ಕೆ ಬಂದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅತಿ ಬಿಗಿಯೂ ದೋಷವೇ, ಏಕೆಂದರೆ ಬಿಗಿಯಾದ ಪಿನ್ನಿನ ಚಕ್ರ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳದೆ, ಅದೂ ಅಲೆದಾಟವನ್ನೇ ಹುಟ್ಟಿಸುತ್ತದೆ. ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ. ದಾಟುವ ಆಗುಂಬೆಯಂಥ ಕಡೆಗೆ ಓಡಾಡುವ ವಾಹನಗಳಲ್ಲಿ ನೀರು ಮತ್ತು ಕೆಸರು ಗ್ರೀಸನ್ನು ಹೊರಹಾಕುವುದರಿಂದ, ಮಳೆಗಾಲದ ಮೊದಲು, ನಡುವೆ ಮತ್ತು ಕೊನೆಗೆ ಗ್ರೀಸ್ ತುಂಬಿಸುವುದು ಒಳಿತು. ಆಗ ಆಕ್ಸಲನ್ನು ಎತ್ತಿ ಭಾರ ಇಳಿಸಿದರೆ ಮಾತ್ರ ಗ್ರೀಸ್ ಒತ್ತಡ ಬೀಳುವ ಮೈಗೆ ಸರಿಯಾಗಿ ತಲುಪುತ್ತದೆ.

ಕೋನಗಳು ಮತ್ತು ಹಿಂದಿನ ಆಕ್ಸಲ್

ಸೈಕಲ್ಲಿನ ಮುಂದಿನ ಫೋರ್ಕ್ ತುಸು ಓರೆಯಾಗಿರುವುದರಿಂದಲೇ ಓಡುವ ಸೈಕಲ್ ನೇರಕ್ಕೆ ಮರಳಲು ನೆರವು ಸಿಗುವಂತೆ, ವಾಹನದ ಕಿಂಗ್ ಪಿನ್ನನ್ನೂ ಮೇಲ್ತುದಿ ಹಿಂದಕ್ಕೆ ವಾಲುವಂತೆ ಕೂರಿಸಿರುತ್ತಾರೆ; ಈ ಓರೆಗೆ ಕ್ಯಾಸ್ಟರ್ ಎಂದು ಹೆಸರು. ಸ್ಪ್ರಿಂಗ್ ಪ್ಲೇಟುಗಳು ವರ್ಷಗಳ ಭಾರಕ್ಕೆ ಬಾಗಿದಾಗ ಅಥವಾ ಪ್ಲೇಟು ಬದಲಿಸುವಾಗ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವಿನ ಬೆಣೆಯನ್ನು ತಿರುವುಮುರುವಾಗಿ ಕೂರಿಸಿದಾಗ ಕ್ಯಾಸ್ಟರ್ ಕುಗ್ಗುತ್ತದೆ, ಚಕ್ರಕ್ಕೆ ನೇರ ದಾರಿಯ ಒಲವು ಉಳಿಯುವುದಿಲ್ಲ. ಮುಂಚಕ್ರಗಳ ಮುಂದಿನ ಅಂಚುಗಳ ನಡುವಿನ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಕೆಲವೇ ಮಿ.ಮೀ. ಕಡಿಮೆಯಿರುವುದು ಟೋ ಇನ್. ಅದು ತಿರುಗುಮುರುಗಾಗಿ ಟೋ ಔಟ್ ಆದರೆ ವಾಹನ ಚಂಚಲವಾಗುತ್ತದೆ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಸಡಿಲ ಕೀಲುಗಳನ್ನು ಹಾಗೆಯೇ ಬಿಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಅಂದು ಸಿಕ್ಕ ಅಳತೆ ಮೊದಲ ಹೊಂಡದಲ್ಲಿಯೇ ಕದಲುವುದರಿಂದ, ಎಲ್ಲ ಕೀಲುಗಳ ದುರಸ್ತಿ ಮುಗಿದ ಮೇಲಷ್ಟೇ ಅಲೈನ್‌ಮೆಂಟಿಗೆ ಅರ್ಥ.

ಮುಂಭಾಗ ಸರಿಯಿದ್ದೂ ವಾಹನ ಅಲೆದರೆ ಹಿಂದಿನ ಆಕ್ಸಲ್ ಕಡೆಗೆ ತಿರುಗಬೇಕು. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಮುರಿದಿದ್ದರೆ, ಯು ಬೋಲ್ಟುಗಳು ಸಡಿಲವಾಗಿದ್ದರೆ, ಶ್ಯಾಕಲ್ ಬುಷ್‌ಗಳು ಸವೆದಿದ್ದರೆ, ಆಕ್ಸಲ್ ತುಸು ಓರೆಯಾಗಿ ನಿಂತು ವಾಹನವನ್ನು ಹಿಂದಿನಿಂದಲೇ ತಿರುಗಿಸುತ್ತದೆ. ಎಡ ಮತ್ತು ಬಲ ಬದಿಗಳಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗಿರುವ ದೂರವನ್ನು ಟೇಪಿನಿಂದ ಅಳೆದು ಹೋಲಿಸಿದರೆ ಈ ದೋಷ ಸುಲಭವಾಗಿ ಬಯಲಾಗುತ್ತದೆ.

ಕಡೆಯದಾಗಿ ಸ್ಟೀರಿಂಗ್ ಬಾಕ್ಸ್

ಬಾಕ್ಸಿನ ಮೇಲಿರುವ ಹೊಂದಾಣಿಕೆ ಸ್ಕ್ರೂವನ್ನು ಬಿಗಿದರೆ ಪ್ಲೇ ಕೂಡಲೇ ಕಡಿಮೆಯಾದಂತೆ ಅನ್ನಿಸುವುದರಿಂದ ಅನೇಕರು ಮೊದಲು ಕೈ ಹಾಕುವುದು ಅದಕ್ಕೇ. ಆದರೆ ಬಾಕ್ಸಿನ ಹಲ್ಲುಗಳು ನೇರ ಓಟದ ಸ್ಥಾನದಲ್ಲಿ ಅತ್ಯಂತ ಬಿಗಿಯಾಗಿರುವಂತೆ ರೂಪುಗೊಂಡಿರುತ್ತವೆ. ಅಲ್ಲಿ ಮಿತಿಮೀರಿ ಬಿಗಿದರೆ ಸ್ಟೀರಿಂಗ್ ಕಚ್ಚಿಕೊಂಡು, ತಿರುವಿನಿಂದ ಮರಳದೆ, ಒಳಗಿನ ಬೇರಿಂಗುಗಳನ್ನೂ ಕೆಡಿಸುತ್ತದೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಸ್ಟೀರಿಂಗ್ ಕಚ್ಚಿಕೊಳ್ಳುವುದು ಜೀವಾಪಾಯದ ಮಾತು. ಉಳಿದೆಲ್ಲ ಕೀಲುಗಳೂ ಸರಿಯಿವೆ ಎಂದು ಖಾತ್ರಿಯಾದ ಮೇಲೆ, ಡ್ರ್ಯಾಗ್ ಲಿಂಕನ್ನು ಕಳಚಿ, ಕೈಪಿಡಿಯ ಅಳತೆಯಂತೆ ಮಾತ್ರ ಸ್ಕ್ರೂವನ್ನು ಹೊಂದಿಸಬೇಕು. ಅದಕ್ಕೂ ಬಗ್ಗದಿದ್ದರೆ ಬಾಕ್ಸನ್ನೇ ಬಿಚ್ಚಿ ಸವೆದ ಭಾಗಗಳನ್ನು ಬದಲಿಸಬೇಕು.

ಕೆಲಸ ಮುಗಿದ ಮೇಲೆ ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ, ಒಣಗಿದ ನೇರ ರಸ್ತೆಯಲ್ಲಿ, ಮಿತ ವೇಗದಿಂದ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಪರೀಕ್ಷಿಸಿದರೆ, ಅಡ್ಡಗಾಳಿಯ ಪ್ರಭಾವವನ್ನು ವಾಹನದ ದೋಷದಿಂದ ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಂಥ ಕಡೆ, ಗ್ಯಾರೇಜು, ಲೇತ್ ಮತ್ತು ಬಿಡಿಭಾಗದ ಅಂಗಡಿಗಳು ಒಂದರ ಪಕ್ಕ ಒಂದಿರುವಲ್ಲಿ, ಈ ಇಡೀ ಕ್ರಮವನ್ನು ಪಾಲಿಸಲು ಬೇಕಾದ ಕೈಗಳಿಗೂ ಉಪಕರಣಗಳಿಗೂ ಕೊರತೆಯಿಲ್ಲ. ಅಗತ್ಯವಿರುವುದು, ಯಾವ ಕೀಲಿನಲ್ಲಿ ಎಷ್ಟು ಸಡಿಲ ಕಂಡಿತು ಎಂಬುದನ್ನು ಬಿಡಿಭಾಗ ತರಿಸುವ ಮೊದಲೇ ಬರೆದು ಕೊಡುವ ಮೆಕ್ಯಾನಿಕ್ಕಿನ ಶಿಸ್ತು ಮತ್ತು ಆ ತಪಾಸಣೆಯ ಶ್ರಮಕ್ಕೆ ಪ್ರತ್ಯೇಕವಾಗಿ ಕೂಲಿ ಕೊಡಲು ಹಿಂಜರಿಯದ ಮಾಲೀಕರ ವಿವೇಕ. ಇವೆರಡೂ ಕೂಡಿದರೆ ಹಳೆಯ ವಾಹನವೂ ಹಲವು ವರ್ಷ ಸುರಕ್ಷಿತವಾಗಿ ದುಡಿಯಬಲ್ಲದು, ಅದರಲ್ಲಿ ಕೂತವರು ನಿಶ್ಚಿಂತೆಯಿಂದ ಊರು ಸೇರಬಲ್ಲರು.